ಕೆಮ್ಮು ಬಿಟ್ಟ ಕಾರಿನ ಎರಡನೇ ಸೀಟಿನ ಬಗ್ಗೆ

ಕೆಂಗೇರಿಯಲ್ಲಿ ಕಾರುಗಳ ಎಂಜಿನ್ ಕಂಪ್ಯೂಟರಿಗೆ ಬುದ್ಧಿ ಹೇಳುವ ಕಾಯಕದಲ್ಲಿ ನಿರತರಾದ ಶ್ರೀ ರೇವಂತ್ ಅವರಿಗೆ,

ಮಾನ್ಯರೇ,

ತಮಗೂ ತಮ್ಮ ಲ್ಯಾಪ್‌ಟಾಪಿಗೂ ಅನ್ನಪೂರ್ಣೇಶ್ವರಿ ನಗರದಿಂದ ಅನಂತ ನಮಸ್ಕಾರಗಳು. ನನ್ನ ಪತಿ ಬಸವಕಿರಣ್ ಅವರ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನು ತಾವು ಟ್ಯೂನ್ ಮಾಡಿಕೊಟ್ಟ ಬಗ್ಗೆ ನನ್ನದೊಂದು ದೂರಿದೆ: ತಾವು ಅದನ್ನು ವಿಪರೀತ ಚೆನ್ನಾಗಿ ಮಾಡಿದ್ದೀರಿ.

ಟರ್ಬೊ ಗಿರ್ಬೊ ಇಲ್ಲದೆ ತನ್ನ ಪಾಡಿಗೆ ತಾನು ಗಾಳಿ ಎಳೆದುಕೊಳ್ಳುವ ಆ ಎಂಜಿನ್, ತಮ್ಮಲ್ಲಿಗೆ ಬರುವ ಮೊದಲು ವಿಜಯನಗರದ ಪ್ರತಿ ಸಿಗ್ನಲ್ಲಿನಲ್ಲೂ ಕೆಮ್ಮಿ ನಿಲ್ಲುತ್ತಿತ್ತು. ಹಾಗೆ ಕೆಮ್ಮುತ್ತಲೇ ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನು ರಾಜಾಜಿನಗರಕ್ಕೆ ದೋಸೆ ತಿನ್ನಲು ಕರೆದೊಯ್ಯುತ್ತಿತ್ತು. ಇರುವುದು ಎರಡೇ ಸೀಟು; ಒಂದು ಅವರದು, ಇನ್ನೊಂದು ನನ್ನದು. ಆಫೀಸು, ಕುಕ್ಕರ್, ನೆಂಟರು ಯಾವುದೂ ಒಳಗೆ ಬರಲಾಗದ ಜಾಗ ನನ್ನ ಪಾಲಿಗೆ ಅದೊಂದೇ.

ಪೆಟ್ರೋಲು, ಗಾಳಿ, ಕಿಡಿಗಳ ಲೆಕ್ಕವನ್ನು ಈ ಕಾರಿಗೆಂದೇ ಹೊಸದಾಗಿ ಬರೆಯಬೇಕು, ಅದಕ್ಕಾಗಿ ಕೆಲವು ದಿನ ಓಡುವ ಕಾರಿನಲ್ಲಿ ಮನೆಯವರೇ ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಕೂರಬೇಕು ಎಂದು ತಾವು ಅಪ್ಪಣೆ ಕೊಡಿಸಿದಿರಿ. ಓಡುವ ಕಾರಿನಲ್ಲಿ ಪರದೆ ನೋಡಿದರೆ ನನಗೆ ವಾಂತಿ. ಆಗ "ನಾ ಕೂರ್ತೀನಿ ಬಿಡು" ಎಂದವರು ನಮ್ಮ ಅತ್ತೆ ನೀಲಗಂಗಮ್ಮ. ದಾವಣಗೆರೆಯಿಂದ ಮಂಡಿ ಆಪರೇಷನ್ನಿಗೆ ಬಂದವರು, ಆಮೇಲೆ ಫಿಸಿಯೋಥೆರಪಿಯವರು ಎಷ್ಟು ಗೋಗರೆದರೂ ಮನೆಯ ಮೆಟ್ಟಿಲಿಳಿಯದವರು, ನೆಲಕ್ಕೆ ಅಂಟಿದಂತಿರುವ ಆ ಸೀಟಿಗೆ ಸೆರಗು ಸಿಕ್ಕಿಸಿ ಇಳಿದು ಕೂತೇಬಿಟ್ಟರು.

"ಅಜ್ಜಿ, ನೀವು ಈ ಬಟನ್ ಒತ್ತಿದ್ರೆ ಸಾಕು" ಎಂದಿರಿ ತಾವು.

"ಒತ್ತೋದಷ್ಟೇನಾ? ಏನ್ ಬರ್ತೈತಿ ಅಂತ ಓದಿ ಹೇಳೋದು ಬ್ಯಾಡೇನು?" ಎಂದರು ಅವರು.

ತಾವಾದರೂ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಕಾರೇನೋ ಸರಿಹೋಯಿತು, ಅತ್ತೆ ಇಳಿಯಲಿಲ್ಲ. "ಪೆಟ್ರೋಲ್ ಯಾಕೋ ಕಮ್ಮಿ ಬೀಳ್ತೈತಿ, ಒಂದ್ ರೌಂಡ್ ನೋಡಾಣ" ಎಂದು ಪ್ರತಿ ಭಾನುವಾರ ಸ್ವೆಟರ್ ಹಾಕಿಕೊಂಡು ಮಗನಿಗಿಂತ ಮೊದಲೇ ಹೊರಡುತ್ತಾರೆ. ನನಗೆ ಪಾರ್ಸೆಲ್ ದೋಸೆ ಬರುತ್ತದೆ, ತಣ್ಣಗೆ, ಚಟ್ನಿಯಲ್ಲಿ ನೆನೆದು. ಅವರು ಮೆಟ್ಟಿಲಿಳಿಯುವುದನ್ನು ಕಂಡರೆ ಸಂತೋಷ, ಕಾರು ತಿರುವಿನಲ್ಲಿ ಮರೆಯಾದರೆ ಹೊಟ್ಟೆಕಿಚ್ಚು, ಎರಡೂ ನಿಜ. ಆದ್ದರಿಂದ ಕಂಪ್ಯೂಟರಿನೊಳಗೇ ಮೂರನೆಯ ಸೀಟೊಂದನ್ನು ಬರೆದುಕೊಡಬೇಕೆಂದು, ಆಗದಿದ್ದರೆ ಹಳೆಯ ಕೆಮ್ಮನ್ನೇ ವಾಪಸು ಹಾಕಿಕೊಡಬೇಕೆಂದು ಪ್ರಾರ್ಥಿಸಲು ಈ ಪತ್ರ ಆರಂಭಿಸಿದ್ದೆ.

ಪತ್ರ ಅರ್ಧಕ್ಕೆ ಬಂದಾಗ ಮತ್ತೊಂದು ಭಾನುವಾರ ಬಂತು. ಬಸವಕಿರಣ್ ನೆಗಡಿಯಾಗಿ ಮುಸುಕೆಳೆದು ಮಲಗಿದ್ದರು. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

"ನಿನಗ ಲೈಸೆನ್ಸ್ ಐತಲ್ಲ? ನಡಿ."

"ಅವರು ಬೈತಾರೆ ಅತ್ತೆ. ಕ್ಲಚ್ ತುಂಬಾ ಸೂಕ್ಷ್ಮ ಅಂತಾರೆ."

"ಅವ್ನೂ ಸೂಕ್ಷ್ಮನೇ ಇದ್ದ. ನಾ ಬೆಳೆಸ್ಲಿಲ್ಲೇನು?"

ಹೇರೋಹಳ್ಳಿಯ ಗುಂಡಿಗಳಲ್ಲಿ ಎರಡು ಸಲ ಎಂಜಿನ್ ನಿಲ್ಲಿಸಿ, ಹಿಂದಿದ್ದ ಆಟೋದವರಿಂದ ಯಥೋಚಿತ ಸನ್ಮಾನ ಸ್ವೀಕರಿಸಿದೆ. ಮಾಗಡಿ ರಸ್ತೆ ಖಾಲಿಯಾಗಿ ತೆರೆದುಕೊಂಡಾಗ ಅತ್ತೆ, "ಒತ್ತು, ಅದಕ್ಕಿನ್ನೂ ದಮ್ ಐತಿ" ಎಂದರು. ಒತ್ತಿದೆ. ಎಂಜಿನ್ನಿನ ದನಿ ಏರುತ್ತಾ ಏರುತ್ತಾ ಹೋಯಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. ನಾನು ಕಿರುಚಿಕೊಂಡೆ, ಅತ್ತೆ ನನಗಿಂತ ಜೋರಾಗಿ; ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮದುವೆಯಾದಾಗಿನಿಂದ ನಾವಿಬ್ಬರೂ ಒಟ್ಟಿಗೆ ಹಾಗೆ ನಕ್ಕಿದ್ದು ಅದೇ ಮೊದಲು.

ವಾಪಸು ಬಂದಾಗ ಬಸವಕಿರಣ್ ಕಂಬಳಿ ಹೊದ್ದು ಹೊರಗೆ ನಿಂತಿದ್ದರು. "ಮುಂದಿನ ವಾರ ನಾನೆಲ್ಲಿ ಕೂರ್ಲಿ?" ಎಂದರು, ಮೂಗಿನಲ್ಲೇ.

"ಮೊದ್ಲು ನೆಗಡಿ ವಾಸಿ ಮಾಡ್ಕೋ. ಆಮ್ಯಾಲೆ ನೋಡಾಣ" ಎಂದರು ಅತ್ತೆ, ಕಾರಿನಿಂದ ಇಳಿಯದೆ.

ಆದಕಾರಣ ಮಾನ್ಯರೇ, ನನ್ನ ದೂರನ್ನು ಸಂತೋಷದಿಂದ ಹಿಂಪಡೆಯುತ್ತಿದ್ದೇನೆ. ಇದೇ ವಿಷಯವಾಗಿ ಬಸವಕಿರಣ್ ಅವರಿಂದ ದೂರು ಬಂದಲ್ಲಿ, ಅದನ್ನು ಆದಷ್ಟು ನಿಧಾನವಾಗಿ ಪರಿಶೀಲಿಸಬೇಕಾಗಿ ಕೋರುತ್ತೇನೆ.

ಸ್ಟಿಯರಿಂಗ್ ಬಿಟ್ಟುಕೊಡುವ ಮನಸ್ಸಿಲ್ಲದ
ತಮ್ಮ ವಿಶ್ವಾಸಿ,
ಶಿವಾನಿ

ತಾ.ಕ.: ತಾವು ಹೊಸದಾಗಿ ಸೇರಿಸಿದ ಹನ್ನೊಂದು ಕುದುರೆಗಳ ಶಕ್ತಿಯೂ ಹೇರೋಹಳ್ಳಿಯಲ್ಲಿ ಒಂದು ಎಮ್ಮೆಯ ಹಿಂದೆ ಬಹಳ ಹೊತ್ತು ಕೈಕಟ್ಟಿ ನಿಂತಿತ್ತು. ಎಮ್ಮೆಗೆ ಟ್ಯೂನಿಂಗ್ ಮಾಡಿದವರು ಯಾರೆಂದು ವಿಚಾರಿಸಿ, ಸಾಧ್ಯವಾದರೆ ಅವರಲ್ಲಿ ಸ್ವಲ್ಪ ದಿನ ಕಲಿಯಿರಿ.