ನೆನೆಹಾಕಿದ ಹಲಗೆ

ನನ್ನ ತಮ್ಮನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ!

ಮಾನ್ವಿಯಲ್ಲಿ ಅವನದು ಟೈಲರ್ ಅಂಗಡಿ. ಊರಿನ ಅರ್ಧ ಗಂಡಸರ ಮೈಗೆ ಅಂಗಿ ತೊಡಿಸಿದವನು. ಎಂಬತ್ತರ ದಶಕದ ನಡುವಿನಲ್ಲಿ ಅವನ ಬಲಗೈ ನಡುಗಲು ಶುರುವಾಯಿತು. ಮೊದಲು ಸೂಜಿಗೆ ದಾರ ಪೋಣಿಸುವಾಗ, ಆಮೇಲೆ ಕಾಜ ಹಾಕುವಾಗ, ಕೊನೆಗೆ ಚಹಾ ಕುಡಿಯುವಾಗಲೂ. ಡಾಕ್ಟರು ನರದ ದೋಷ ಅಂದರು. ಗಿರಾಕಿಗಳು ಏನೂ ಅನ್ನಲಿಲ್ಲ, ಪಕ್ಕದ ಅಂಗಡಿಗೆ ಹೋದರು. ಇಂಥ ಕೈ ಇಟ್ಟುಕೊಂಡ ಮನುಷ್ಯ ಮುಂದೇನು ಮಾಡಬೇಕು ಹೇಳಿ? ಕಿರಾಣಿ ಅಂಗಡಿ ಇಡಬಹುದು, ಸುಮ್ಮನೆ ಮನೆಯಲ್ಲಿ ಕೂರಬಹುದು. ನನ್ನ ತಮ್ಮ ಗರಗಸ ಹಿಡಿಯಲು ಹೊರಟ!

ಆದದ್ದು ಇಷ್ಟು. ಗುಂಡಿ, ದಾರ ತರಲು ಹೈದರಾಬಾದಿಗೆ ಹೋದವನು ಅಲ್ಲಿ ಒಂದು ಪೆಟ್ಟಿಗೆ ನೋಡಿದ. ಆಳೆತ್ತರದ ಪೆಟ್ಟಿಗೆ, ಒಳಗೆ ಟಿವಿ, ಮುಂದೊಂದು ಹಿಡಿಕೆ. ನಾಣ್ಯ ಹಾಕಿ ಹಿಡಿಕೆ ತಿರುಗಿಸಿದರೆ ಟಿವಿಯೊಳಗಿನ ವಿಮಾನ ಢಂ ಢಂ ಅನ್ನುತ್ತದಂತೆ. ವಿಡಿಯೋ ಗೇಮ್ ಅಂತ ಅದರ ಹೆಸರು. ದಾರವನ್ನೂ ತರದೆ, ಗುಂಡಿಯನ್ನೂ ತರದೆ ನೇರ ರಾಯಚೂರಿಗೆ, ನನ್ನ ಮನೆಗೆ ಬಂದ.

"ಅಕ್ಕಾ, ಬಸ್‌ಸ್ಟ್ಯಾಂಡ್ ಹತ್ರ ಇಂಥಾದ್ದೊಂದು ಇಟ್ರ ನಾ ಸುಮ್ನ ಕುಂತ್ರ ಸಾಕು. ಕೈಗೆ ಕೆಲಸಾನೇ ಇಲ್ಲ!"

"ಪೆಟ್ಟಿಗಿ ಯಾರ ಕೈ ಮಾಡತದಲೇ?"

"ನಂದು!"

ಗಾಯಕ್ಕೆ ಬೇಕಾದೀತೆಂದು ನಾನು ಅವತ್ತೇ ಅರಿಶಿನದ ಡಬ್ಬಿ ಕೆಳಗಿಳಿಸಿಟ್ಟೆ.

ರಾಯಚೂರಿನ ಒಬ್ಬ ರೇಡಿಯೋ ರಿಪೇರಿಯವನು ಟಿವಿ, ಒಳಗಿನ ಸಾಮಾನು ಎಲ್ಲ ತಾನು ಹಾಕುತ್ತೇನೆಂದು ಒಪ್ಪಿದ್ದ. ಆದರೆ ದಸರೆಯೊಳಗೆ ಪೆಟ್ಟಿಗೆ ನಿಲ್ಲಬೇಕು. ಎಡ ಬಲದ ಎರಡು ಹಲಗೆ ಒಂದು ನೂಲೂ ಹೆಚ್ಚುಕಡಿಮೆ ಇರಬಾರದು. ಇದ್ದರೆ ಮುಂದಿನ ಗಾಜು ಕೂರುವುದಿಲ್ಲ. ಗಾಜು ಕೂರದಿದ್ದರೆ ಅವನು ತನ್ನ ಟಿವಿ ಬೇರೆಯವರಿಗೆ ಕೊಡುತ್ತಾನೆ. ನನ್ನ ತಮ್ಮನೋ, ಇಷ್ಟು ಕೇಳಿದ್ದೇ ತಡ, ಮಾನ್ವಿಯ ಅಂಗಡಿಗೆ ಬೀಗ ಹಾಕಿ ಹೊಲಿಗೆ ಮಷಿನ್ನನ್ನು ಅಳಿಯನಿಗೆ ಕೊಟ್ಟು, ಹೆಂಡತಿಯನ್ನೂ ಕರೆದುಕೊಂಡು ನನ್ನ ಮನೆಗೇ ಬಂದುಬಿಟ್ಟ! ಇನ್ನು ಹಿಂದಕ್ಕೆ ಹೋಗಲು ದಾರಿಯೇ ಇಲ್ಲ.

ದೇವದುರ್ಗದ ನಮ್ಮ ತವರಿನ ಓಣಿಯಲ್ಲಿ ಒಳ್ಳೆಯ ಬಡಿಗ ಇದ್ದ. ಅವನಿಗೆ ಹೇಳಿಕಳಿಸುತ್ತೇನೆ ಅಂದೆ. "ನನ್ನ ಹಲಗಿಗೆ ಮಂದಿ ಕತ್ತರಿ ಹಾಕೋದಾ?" ಅಂತ ತಮ್ಮ ಮುಖ ತಿರುಗಿಸಿದ. ಕತ್ತರಿಯಂತೆ! ಆಗಲೇ ನನಗೆ ತಿಳಿಯಬೇಕಿತ್ತು.

ಗರಗಸ ಕೊಳ್ಳಲು ಅವನ ಜೊತೆ ನಾನೂ ಹೋದೆ. ಕೊಳ್ಳುವುದಕ್ಕಲ್ಲ, ಅವನ ಬೆರಳು ಎಣಿಸುತ್ತಾ ನಿಲ್ಲುವುದಕ್ಕೆ. ಅಂಗಡಿಯವನು ಒಂದೊಂದೇ ತೆಗೆದಿಟ್ಟ. ತಮ್ಮನಿಗೆ ಒಂದು ಭಾರ. ಒಂದು ಹೇಳಿದ ಮಾತು ಕೇಳುವುದಿಲ್ಲ. ಒಂದರ ಹಲ್ಲು ಸಿಟ್ಟಿನವು.

"ಮಾಸ್ತರ್, ಹಲ್ಲು ಬ್ಯಾಡಂದ್ರ ಚಮಚಾ ತಗೊಂಡು ಹೋಗ್ರಿ!" ಅಂದ ಅಂಗಡಿಯವನು.

"ಅಲ್ರೀ, ಬೆರಳು ಹಾಕಾಕ ಎರಡು ಉಂಗುರ ಇರೋ ಗರಗಸ ಬರಂಗಿಲ್ಲೇನು?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. ಮೂರು ಸಲ ಹೋಗಿ ಎರಡು ಗರಗಸ ವಾಪಸು ಕೊಟ್ಟ ಮೇಲೆ, ಮರದ ಹಿಡಿಕೆಯ ಸಣ್ಣದೊಂದು ಮನೆಗೆ ಬಂತು. ಜೊತೆಗೆ ಎಡ ಬಲಕ್ಕೆಂದು ಒಂದೇ ಅಳತೆಯ ಎರಡು ಪ್ಲೈವುಡ್ ಹಲಗೆ. ಎರಡೇ! ಕೆಟ್ಟರೆ ಮೂರನೆಯದಿಲ್ಲ.

ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಕೂತ. "ಇದು ಸೊಂಟ, ಇಲ್ಲಿ ಎದಿ, ಇದು ಹೆಗಲು."

"ಯಾರಿಗ್ರೀ ಅಂಗಿ?" ಅಂದಳು ಅವನ ಹೆಂಡತಿ. ಪಾಪ, ನಿಜವಾಗಿಯೂ ಕೇಳಿದಳು.

ಮಾರನೆಯ ಬೆಳಿಗ್ಗೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದರೆ ನೀರಿನ ತೊಟ್ಟಿಯಲ್ಲಿ ಒಂದು ಹಲಗೆ ನಿಂತಿದೆ! ಇನ್ನೊಂದು ಗೋಡೆಗೆ ಒರಗಿ ತನ್ನ ಸರದಿ ಕಾಯುತ್ತಿದೆ.

"ಏನಲೇ ಇದು?"

"ನೆನಿ ಹಾಕೀನಿ ಅಕ್ಕಾ. ಹೊಸಾದು ಹಂಗ ಕತ್ತರಿಸಿದ್ರ ಆಮ್ಯಾಲ ಸುರುಟತದ."

"ಸುರುಟಾಕ ಅದೇನು ಖಾದಿ ಏನಲೇ!"

ಎಳೆದು ತೆಗೆದೆವು. ತಡವಾಗಿತ್ತು. ಕೆಳಗಿನ ಒಂದು ಗೇಣು ಉಬ್ಬಿ, ಪದರ ಪದರ ಬಿಚ್ಚಿ, ಹೆಚ್ಚು ಎಣ್ಣೆ ಹಚ್ಚಿದ ಚಪಾತಿ ಆಗಿತ್ತು. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತ. ಯಾವತ್ತಿನಂತೆ ಬಲಗೈಯನ್ನು ಜೇಬಿಗೆ ತುರುಕಿಕೊಂಡ. ದಸರೆಗೆ ಎಂಟು ದಿನ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. "ಕೆಟ್ಟಿದ್ದು ಒಂದು ಗೇಣು. ಇದನ್ನೂ ಒಂದು ಗೇಣು ಕೊಯ್ಯಿ, ಅದನ್ನೂ ಒಂದು ಗೇಣು ಕೊಯ್ಯಿ. ಪೆಟ್ಟಿಗಿ ಕುಳ್ಳ ಆಗತದ. ಕುಳ್ಳರು ಬದುಕಂಗಿಲ್ಲೇನು?" ಅಂದೆ. ನಾನೂ ಕುಳ್ಳಿಯೇ.

ಹಲಗೆಯನ್ನು ಚಪ್ಪಡಿ ಕಲ್ಲುಗಳ ಕೆಳಗಿಟ್ಟು ನಾಲ್ಕು ದಿನ ಒಣಗಿಸಿದೆವು. ಐದನೆಯ ದಿನ ಅವನು ಮಾಡಿದ್ದು ನೋಡಿ! ಎರಡೂ ಹಲಗೆಯನ್ನು ಮುಖಕ್ಕೆ ಮುಖ ಹಚ್ಚಿ, ಮೂಲೆಗಳಿಗೆ ಸಣ್ಣ ಮೊಳೆ ಹೊಡೆದು ಒಂದು ಮಾಡಿದ.

"ಎರಡು ತೋಳು ಯಾರಾದ್ರೂ ಬ್ಯಾರೆ ಬ್ಯಾರೆ ಕತ್ತರಿಸ್ತಾರೇನು ಅಕ್ಕಾ? ಜೋಡಿ ಕತ್ತರಿಸಿದ್ರ ತಪ್ಪಿದ್ರೂ ಎರಡೂ ಒಂದ ಥರ ತಪ್ಪತಾವ."

ಬುದ್ಧಿ ಇದೆ ಸ್ವಾಮಿ! ಆದರೆ ಬುದ್ಧಿ ಗರಗಸ ಎಳೆಯುವುದಿಲ್ಲವಲ್ಲ. ಮೊದಲ ಎಳೆತಕ್ಕೆ ಹಲ್ಲು ಗೆರೆ ಬಿಟ್ಟಿತು. ಎರಡನೆಯದಕ್ಕೆ ಇನ್ನಷ್ಟು. ಮೂರನೆಯದು ಎಡಗೈ ಹೆಬ್ಬೆರಳಿನ ಉಗುರು ಸವರಿಕೊಂಡು ಹೋಯಿತು. ಅವನು ಗರಗಸದ ಹಿಡಿಕೆಯನ್ನು ನನ್ನ ಕಡೆ ತಿರುಗಿಸಿದ.

"ನೀ ಹಿಡಿ ಅಕ್ಕಾ."

ಇಷ್ಟು ವರ್ಷ ತನ್ನ ಕತ್ತರಿ ಮುಟ್ಟಲು ಹೆಂಡತಿಗೂ ಬಿಡದವನು! ನಾನು ಕಟ್ಟಿಗೆ ಒಡೆದವಳೇ ಹೊರತು ಹಲಗೆ ಕೊಯ್ದವಳಲ್ಲ. ಅವನು ಹಲಗೆಯ ಮೇಲೆ ಹತ್ತಿ ಕೂತ.

"ನಿಧಾನ. ಎಳೀಬ್ಯಾಡ, ಬಟ್ಟಿ ಸುಕ್ಕು ಬೀಳತದ."

"ಹಲಗಿ ಲೇ ಇದು!"

"ಸೊಂಟ ಬಂತು, ತಿರುಗಿಸು. ಹಾಂ... ಯವ್ವಾ, ಹೆಗಲಾಗ ಹುಷಾರು!"

ಬೆಳಿಗ್ಗೆ ಹಿಡಿದ ಗರಗಸ ಸಂಜೆ ಬಿಟ್ಟೆ. ಅಂಗೈ ತುಂಬ ಬೊಬ್ಬೆ. ಮೊಳೆ ಕಿತ್ತು ಎರಡನ್ನೂ ನಿಲ್ಲಿಸಿದಾಗ ನೋಡುವ ಧೈರ್ಯ ನನಗಿರಲಿಲ್ಲ, ಹಿಟ್ಟು ನಾದುವ ನೆಪ ಮಾಡಿ ಒಳಗೆ ಹೋದೆ.

ಎರಡು ದಿನದಲ್ಲಿ ಪೆಟ್ಟಿಗೆಯ ಬೆನ್ನಿಗೆ, ತಲೆಗೆ ಮನೆಯಲ್ಲಿದ್ದ ಹಳೆಯ ಹಲಗೆಗಳನ್ನು ಜೋಡಿಸಿದ ಮೇಲೆ ರೇಡಿಯೋದವನು ಗಾಜು ತಂದ. ಇಳಿಸಿದ. ಗಾಜು ಒಂದು ಸಲ ಕಿರ್ ಅಂದು, ಕೂತುಬಿಟ್ಟಿತು.

"ಕುಳ್ಳ ಆದ್ರೂ ಅಳತಿ ಭಾಳ ಚೊಲೋ ಅದ. ಯಾವ ಬಡಿಗ್ಯಾರ ಕೈರೀ ಇದು?"

ನನ್ನ ತಮ್ಮ ಜೇಬಿನಿಂದ ಬಲಗೈ ತೆಗೆದ. ಹೊರಗಿನವರ ಎದುರು ತೆಗೆದದ್ದು ಅದೇ ಮೊದಲು. ನನ್ನ ಕೈ ಹಿಡಿದು ಮೇಲಕ್ಕೆತ್ತಿ, "ನಮ್ಮ ಅಕ್ಕಂದು" ಅಂದ.

ಅವನ ಕೈಯೊಳಗೆ ನನ್ನ ಕೈಯೂ ನಡುಗುತ್ತಿತ್ತು. ಆ ನಡುಕ ಶುರುವಾದಾಗಿನಿಂದ ನಾವೆಲ್ಲ ಅದರ ಕಡೆ ನೋಡದೆ ಇರುವುದನ್ನೇ ಮರ್ಯಾದೆ ಅಂದುಕೊಂಡಿದ್ದೆವು. ಚಹಾ ಚೆಲ್ಲಿದರೆ ಗೋಡೆ ನೋಡುತ್ತಿದ್ದೆವು. ಆ ಕೈಯನ್ನು ಒಬ್ಬರೂ ಹಿಡಿದು ನೋಡಿರಲಿಲ್ಲ.

ಬೆಚ್ಚಗಿತ್ತು.