ಮೂವತ್ತೆರಡು ಸಾವಿರದಾಚೆಯ ರೊಟ್ಟಿಗಳು

ತಪ್ಪು ನನ್ನದು ಎಂದು ಒಪ್ಪಿಕೊಂಡ ದಿನಗಳು ನನ್ನ ಜೀವನದಲ್ಲಿ ಬಹಳ ಕಡಿಮೆ. ಮಾಡಿದ ತಪ್ಪುಗಳು ಕಡಿಮೆ ಎಂದಲ್ಲ, ಒಪ್ಪಿಕೊಳ್ಳುವ ಗುಣ ಕಡಿಮೆ. ರೊಟ್ಟಿಯ ಪ್ರಕರಣದಲ್ಲೂ ಅಷ್ಟೇ. ಆಳಂದದಲ್ಲಿ ಯಾರಾದರೂ ಆ ಮಾತು ತೆಗೆದರೆ ನಾನು ಎದೆ ಸೆಟೆಸಿ ಹೇಳುವುದು ಒಂದೇ: ನನ್ನ ಪ್ರೋಗ್ರಾಂ ಸರಿಯಾಗಿಯೇ ಇತ್ತು. ಗುಲ್ಬರ್ಗಾದ ಕಾಲೇಜಿನಲ್ಲಿ ಓದುವಾಗ ಅಲ್ಲಿನ ದೊಡ್ಡ ಕಂಪ್ಯೂಟರಿಗೆಂದು ಸಿ ಭಾಷೆಯಲ್ಲಿ ಬರೆದದ್ದು ಅದು. ಲಕ್ಷಗಟ್ಟಲೆ ಎಣಿಸಿದರೂ ತಡವರಿಸಿರಲಿಲ್ಲ. ಅದನ್ನೇ ಒಂದಕ್ಷರವೂ ಬದಲಿಸದೆ ಆಳಂದದ ನನ್ನ ತರಬೇತಿ ಕೇಂದ್ರದ ಪುಟ್ಟ ಕಂಪ್ಯೂಟರಿಗೆ ತಂದು ಹಾಕಿದೆ. ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ ಎಂದು ಯಾವ ಮಗ್ಗಿ ಪುಸ್ತಕದಲ್ಲಿ ಬರೆದಿದೆ?

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಹತ್ತಿರದ ಚಿಕ್ಕ ಮಠವೊಂದರಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ದಾಸೋಹ. ಸುತ್ತಲಿನ ಊರುಗಳ ಹೆಂಗಸರು ಖಡಕ್ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಗಟ್ಟಲೆ ಕಳಿಸುತ್ತಾರೆ. ಅಡಿಗೆಯ ಉಸ್ತುವಾರಿ ಶರಣಪ್ಪನವರು ಪ್ರತಿವರ್ಷ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದು ಅವನ್ನು ಎಣಿಸುತ್ತಿದ್ದರು. ಅದನ್ನು ಕಂಡ ನನಗೆ ಸುಮ್ಮನಿರಲಾಗಲಿಲ್ಲ. ಈ ಸಲ ಲೆಕ್ಕ ನನ್ನ ಕಂಪ್ಯೂಟರಿಗೆ ಬಿಡಿ ಎಂದೆ.

"ನಿಮ್ಮ ಮಷಿನ್ ತಪ್ಪಂಗಿಲ್ಲೇನ್ರಿ ಮಾಸ್ತರ?" ಎಂದರು.

"ಮನಷ್ಯಾ ತಪ್ತಾನ್ರಿ. ಮಷಿನ್ ತಪ್ಪಂಗಿಲ್ಲ" ಎಂದೆ.

ಅವರು ಅಂದೇ ಗೋಡೆಗೆ ಸುಣ್ಣ ಬಳಿಸಿಬಿಟ್ಟರು. ಕಂಪ್ಯೂಟರು ನನ್ನ ಹೆಂಡತಿ ಮಹಾದೇವಿಯ ಕೌದಿ ಹೊದ್ದುಕೊಂಡು ಟೆಂಪೋದಲ್ಲಿ ಮಠಕ್ಕೆ ಬಂತು. ಮದುವೆಯಾದ ಹೊಸದರಲ್ಲಿ ಅವಳನ್ನೂ ನಾನು ಅಷ್ಟು ಜೋಪಾನವಾಗಿ ಕರೆತಂದಿರಲಿಲ್ಲ ಎಂದು ಅವಳೇ ಹೇಳಿದಳು.

ನಲವತ್ತು ಸಾವಿರ ರೊಟ್ಟಿಯಾದರೆ ಆ ವರ್ಷಕ್ಕೆ ಸಾಕಿತ್ತು. ಬುಟ್ಟಿ ಬಂದಂತೆಲ್ಲ ನಾನು ಅಂಕಿ ಒತ್ತುತ್ತಿದ್ದೆ, ಮೊತ್ತ ಏರುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಣ್ಣೂರಿನ ಬುಟ್ಟಿ ಸೇರಿಸಿದೆನೋ ಇಲ್ಲವೋ, ಮೂವತ್ತೆರಡು ಸಾವಿರದ ಏಳುನೂರು ಚಿಲ್ಲರೆಯ ಎಡಕ್ಕೆ ಒಂದು ಅಡ್ಡಗೆರೆ ಬಂದು ಕುಳಿತುಕೊಂಡಿತು. ಶರಣಪ್ಪನವರು ಚಷ್ಮಾ ಒರೆಸಿಕೊಂಡು, "ಇದೇನ್ರಿ ಮಾಸ್ತರ, ಈ ಗೆರಿ?" ಎಂದರು. ಪಾಠ ಹೇಳಿ ರೂಢಿಯಾದ ಬಾಯಿ ನೋಡಿ, ಯೋಚಿಸದೆ ಉತ್ತರ ಕೊಟ್ಟಿತು: "ಮೈನಸ್ ರಿ. ಅಂದ್ರ ಕಡಿಮಿ."

ಅಷ್ಟೇ ಸಾಕಾಯಿತು. ಮೂವತ್ತೆರಡು ಸಾವಿರ ರೊಟ್ಟಿ ಕಡಿಮೆ ಬಿದ್ದಿವೆ ಎಂಬ ಸುದ್ದಿ ಬಸ್ ಕಂಡಕ್ಟರುಗಳ ಬಾಯಲ್ಲಿ ಊರೂರಿಗೆ ಹೋಯಿತು. ಮಠದಲ್ಲಿ ರೊಟ್ಟಿ ಕಡಿಮೆ ಬಿತ್ತೆಂದರೆ ಊರಿನ ಮರ್ಯಾದೆಯ ಪ್ರಶ್ನೆ. ಆರಿದ ಒಲೆಗಳು ಮತ್ತೆ ಹೊತ್ತಿದವು. ಮಹಾದೇವಿಯೂ ತವರುಮನೆ ಕಿಣ್ಣಿ ಸುಲ್ತಾನಕ್ಕೆ ಹೋಗಿ ಒಲೆಯ ಮುಂದೆ ಕುಳಿತಳು. ನನಗೂ ಒಳಗೊಳಗೆ ಅಳುಕಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೊಸ ಬುಟ್ಟಿಗಳು ಬಂದಂತೆಲ್ಲ ಆ ಮೈನಸ್ ಇಳಿಯತೊಡಗಿತು. ಸಂಜೆಗೆ ಮೂವತ್ತು ಸಾವಿರ, ಮರುದಿನ ಮಧ್ಯಾಹ್ನಕ್ಕೆ ಇಪ್ಪತ್ತೈದು. "ನೋಡ್ರಿ, ತುಂಬಿ ಬರಾಕತ್ತದ" ಎಂದು ಶರಣಪ್ಪನವರು ಹಿಗ್ಗಿದರು. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ನಾನೂ ಹಿಗ್ಗಿದೆ.

ಆಗ ಮಹಾದೇವಿ ಬುಟ್ಟಿ ಹೊತ್ತು ಬಂದಳು. ಅಂಗೈ ಎರಡೂ ಕೆಂಪಾಗಿದ್ದವು.

"ರೊಟ್ಟಿ ಖೋಲಿ ಬಾಗಲಾ ತೆರಿಯವಲ್ದುರಿ. ತೊಲಿಗೆ ಹತ್ಯಾವ ರೊಟ್ಟಿ. ನೀವು ಇನ್ನೂ ಇಪ್ಪತ್ತೈದು ಸಾವಿರ ಕಡಿಮಿ ಅಂತೀರಿ. ನಮ್ಮವ್ವ ನಿನ್ನಿಯಿಂದ ಒಲಿ ಬಿಟ್ಟು ಎದ್ದಿಲ್ಲ."

ನಾನು ಮನೆಗೆ ಹೋಗಿ ಸಿ ಭಾಷೆಯ ದಪ್ಪ ಪುಸ್ತಕವನ್ನು ಮೊದಲ ಬಾರಿಗೆ ಪೂರ್ತಿ ಬಿಚ್ಚಿದೆ. ನಾನು ಬಳಸಿದ ಬಗೆಯ ಸಂಖ್ಯೆಗೆ ಆ ಭಾಷೆ ಕೊಡುವ ಖಾತ್ರಿ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರವರೆಗೆ ಮಾತ್ರ. ಅದರಾಚೆ ಒಂದೊಂದು ಯಂತ್ರದ್ದು ಒಂದೊಂದು ಮರ್ಜಿ. ಗುಲ್ಬರ್ಗಾದ ಯಂತ್ರ ಅದೇ ಸಂಖ್ಯೆಗೆ ಕಾಳು ತುಂಬುವ ಹಗೇವಿನಷ್ಟು ಜಾಗ ಕೊಟ್ಟಿತ್ತು, ನನ್ನದು ಪಾವಿನಷ್ಟು ಕೊಟ್ಟಿತ್ತು. ಪಾವು ತುಂಬಿದ ಮೇಲೆ ಇನ್ನೊಂದು ರೊಟ್ಟಿ ಬಿದ್ದದ್ದೇ ತಡ, ಲೆಕ್ಕ ಮೈನಸ್ಸಿನ ತಳಕ್ಕೆ ಜಾರಿ ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತುತ್ತಿತ್ತು. ಸರಿಯಾಗಿ ಕೂಡಿಸಿದರೆ ರೊಟ್ಟಿ ನಲವತ್ತು ಸಾವಿರ ದಾಟಿತ್ತು.

ಪುಸ್ತಕ ಹಿಡಿದು ಮಠಕ್ಕೆ ಓಡಿ ಮಹಾದೇವಿಗೆ ತೋರಿಸಿದೆ. "ನೋಡು, ಇದರಾಚೆ ಗ್ಯಾರಂಟಿ ಇಲ್ಲ ಅಂತ ಬರದಾರ. ನನ್ನ ತಪ್ಪಲ್ಲ."

"ಈ ಪುಸ್ತಕ ಮನ್ಯಾಗ ಎಷ್ಟು ದಿನಾ ಆತ್ರಿ?"

"ಎರಡು ವರ್ಷ."

ಅವಳು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟಳು. ನಾನು ಮೈಕಿನ ಮುಂದೆ ನಿಂತು, ರೊಟ್ಟಿ ಸಾಕು, ಒಲೆ ಆರಿಸಿರಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಸಾರಿದೆ. ಊರೂರಿಗೆ ಹೋಗುವ ಕಂಡಕ್ಟರುಗಳಿಗೂ ಅದನ್ನೇ ಹೇಳಿದೆ. ಕೊನೆಯ ಮಾತನ್ನು ಎಲ್ಲಿ ಹೇಳಿದರೂ ಸ್ವಲ್ಪ ಜೋರಾಗಿಯೇ ಹೇಳಿದೆ.

ಸಂಜೆ ಊಟಕ್ಕೆ ಕುಳಿತರೆ ತಾಟಿನಲ್ಲಿ ಪುಂಡಿಪಲ್ಯ ಮಾತ್ರ.

"ರೊಟ್ಟಿ?"

"ಮಠದಾಗ ನಲವತ್ತು ಸಾವಿರ ಅದಾವ್ರಿ. ಮನ್ಯಾಗ ನೀವು ಮೈನಸ್ ಅದೀರಿ. ನಾ ಬಡದದ್ದು ಮುನ್ನೂರು. ಅಷ್ಟು ಬಡೀರಿ, ಸೊನ್ನಿಗೆ ಬರ್ತೀರಿ. ಆಮ್ಯಾಲ ಊಟ."

ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಳಿತೆ. ಮೊದಲ ರೊಟ್ಟಿ ಕೈಯಲ್ಲೇ ಹರಿಯಿತು, ಎರಡನೆಯದು ಹೆಂಚಿಗೆ ಅಂಟಿತು. ಮೂರನೆಯದು ಯಾವ ತಾಲೂಕಿನ ನಕಾಶೆಯೋ ಹೇಳಲಾರೆ.

"ಈ ಹಿಟ್ಟು ಚಲೋ ಇಲ್ಲ" ಎಂದೆ.

"ತವರಮನಿ ಹಿಟ್ಟು ರಿ. ಅಲ್ಲಿ ಬರೋಬ್ಬರಿ ಬಂದಿತ್ತು" ಎಂದಳು ಮಹಾದೇವಿ.

ನಾಲ್ಕನೆಯದೂ ಹರಿದಾಗ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಬಿಸಿ ರೊಟ್ಟಿ ತಾಟಿಗೆ ಬಿತ್ತು. ಆದರೆ ಅದು ಹಸಿದ ಹೊಟ್ಟೆಯಿಂದ ಹೊರಡಿಸಿದ ಹೇಳಿಕೆ. ನಾನು ಅದನ್ನು ಇಂದಿಗೂ ಲೆಕ್ಕಕ್ಕೆ ಹಿಡಿದಿಲ್ಲ.