ದವಡೆ ಹಲ್ಲಿನ ವೀಳ್ಯಶಾಸ್ತ್ರ

ಕಟ್ಟೆಮಳಲವಾಡಿಯ ನಂಜಯ್ಯನಿಗೆ ಹಲ್ಲುನೋವು ಬಂದದ್ದು ಬೀಗರೂಟದ ಹಿಂದಿನ ದಿನ. ಮಗಳನ್ನು ಕಂಪಲಾಪುರಕ್ಕೆ ಕೊಟ್ಟಿದ್ದ. ನಾಳೆ ಬೀಗ ಚಿಕ್ಕಣ್ಣನ ಮನೆಯಲ್ಲಿ ಬಾಡೂಟ. ಹೆಣ್ಣಿನ ತಂದೆ ಎಲೆಯ ಮುಂದೆ ಕೂತು ಉಣ್ಣದಿದ್ದರೆ, "ಬೀಗರಿಗೆ ನಮ್ಮ ಮೇಲೆ ಮುನಿಸು" ಎಂದು ಚಿಕ್ಕಣ್ಣ ವರ್ಷವೆಲ್ಲ ಆಡಿಕೊಳ್ಳುವವನೇ. ಅದನ್ನು ಕೇಳುತ್ತ ಒಲೆ ಊದಬೇಕಾದವಳು ಮಗಳು. ನಂಜಯ್ಯನ ಬಲಗೆನ್ನೆಯೋ, ಮುದ್ದೆಯನ್ನು ಬಾಯಿಗಿಟ್ಟು ನುಂಗುವುದನ್ನು ಮರೆತವನ ಹಾಗೆ ಊದಿತ್ತು.

ಬೆಳಿಗ್ಗೆಯೇ ಹುಣಸೂರಿಗೆ ಹೋದ. ಅಲ್ಲಿನ ಡಾಕ್ಟರು ಬಾಯಿ ಬಿಡಿಸಿ ನೋಡಿದರು.

"ಕೀಳೋದು ನಾನೇ ಕೀಳ್ತೀನಿ. ಆದರೆ ದವಡೆ ಬಾತಿದೆ. ಮೈಸೂರಿನ ಹಲ್ಲಿನ ಡಾಕ್ಟರು ಇವತ್ತು ಕೃಷ್ಣರಾಜನಗರಕ್ಕೆ ಬಂದಿರ್ತಾರೆ. ಅವರಿಗೆ ತೋರಿಸಿ, ಏನಂತಾರೆ ಕೇಳಿಕೊಂಡು ಬಾ."

ಕೃಷ್ಣರಾಜನಗರದ ಬಸ್ಸು ಹೋಗುವುದು ಕಟ್ಟೆಮಳಲವಾಡಿಯ ಮೇಲೆಯೇ. ಅಲ್ಲಿ ನಿಂತಾಗ ಪಕ್ಕದ ಮನೆಯ ಕುಳ್ಳಮ್ಮ ಕಿಟಕಿಗೆ ಮುಖ ತೂರಿಸಿ ವಿಚಾರಿಸಿದಳು. ನಂಜಯ್ಯ ಅರ್ಧ ಬಾಯಲ್ಲಿ ಎಲ್ಲ ಹೇಳಿದ.

"ಅಯ್ಯೋ, ಅಂಗಾರೆ ನಿನ್ನ ಅಲ್ಲಿಗೇ ಕೊಟ್ಬುಟ್ರು ಕಣ ನಂಜಣ್ಣ! ಬರೀ ಕೈಲಿ ಓಗ್ತಾರಾ?"

"ಕೊಡ್ಲಿಲ್ಲ ಕಣವ್ವ. ಕೇಳ್ಕಂಡು ಬಾ ಅಂದವ್ರೆ."

"ನೀ ಬಾಯಿ ಮುಚ್ಕ. ಗಾಳಿ ಓಗ್ತದೆ."

ಡ್ರೈವರನನ್ನು ಗದರಿಸಿ ನಿಲ್ಲಿಸಿ, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಇಟ್ಟುಕೊಂಡು ಬಂದು ಬಸ್ಸು ಹತ್ತಿಯೇಬಿಟ್ಟಳು.

ಮೈಸೂರಿನ ಡಾಕ್ಟರು ತಟ್ಟೆ ಕಂಡು ಸಂತೋಷದಿಂದ ತಾಂಬೂಲ ತೆಗೆದುಕೊಂಡರು. ಇಕ್ಕಳವನ್ನೂ ತೆಗೆದುಕೊಂಡರು. ನಂಜಯ್ಯನಿಗೆ ಮನಸ್ಸು ತಡೆಯಲಿಲ್ಲ.

"ಬುದ್ಧಿ, ನಮ್ ಡಾಕ್ಟ್ರು ನಿಮ್ಮನ್ನ ಕೇಳ್ಕಂಡು ಬಾ ಅಂದಿದ್ರು, ಅಷ್ಟೆ."

ಇಕ್ಕಳ ಹಿಂದಕ್ಕೆ ಹೋಯಿತು. "ಮೊದಲೇ ಹೇಳಬಾರದೆ? ಅವರು ಕೇಳಿರೋದು ನನ್ನ ಅಭಿಪ್ರಾಯ. ಅವರ ರೋಗಿಗೆ ನಾನು ಕೈ ಹಾಕೋದು ಮರ್ಯಾದೆಯಲ್ಲ. ಧಾರಾಳವಾಗಿ ಕೀಳಬಹುದು ಅಂತ ಹೇಳು."

ಬಸ್ಸಿನಲ್ಲಿ ಕುಳ್ಳಮ್ಮ ಬುಸುಗುಟ್ಟಿದಳು. "ಎಣ್ಣು ನೋಡಿ, ಚೆಂದಾಗದೆ ಅಂತೇಳಿ, ವಾಲಗ ಮಾತ್ರ ಬ್ಯಾರೆಯವ್ರ ಮನೇಲಿ ಊದುಸ್ಕಳಿ ಅಂದಂಗಾಯ್ತು!"

ಊರು ಬಂತು. ಕಟ್ಟೆಯ ಮೇಲಿದ್ದ ಸೋಮಯ್ಯ ಕೂಗಿದ: "ಕಿತ್ರೇನ್ಲಾ?"

"ಇನ್ನೂ ಇಲ್ಲ ಕಣೋ."

ಹುಣಸೂರಿನ ಡಾಕ್ಟರು ಸಲಹೆ ಕೇಳಿ, ಅಂಗಿಯ ತೋಳು ಮಡಿಸಿ, ಇನ್ನೇನು ಬಾಯಿಗೆ ಕೈ ಹಾಕಬೇಕು, ಕುಳ್ಳಮ್ಮ ಹೆಮ್ಮೆಯಿಂದ ಹೇಳಿದಳು: "ತಾಂಬೂಲ ಮಾತ್ರ ನಗ್‌ನಗ್ತಾ ಈಸ್ಕಂಡ್ರು ಬುದ್ಧಿ!"

ಡಾಕ್ಟರು ಕೈ ಒರೆಸಿಕೊಂಡರು. "ತಾಂಬೂಲ ತಗೊಂಡರೆ? ಹಾಗಾದರೆ ರೋಗಿಯನ್ನ ವಹಿಸಿಕೊಂಡ ಹಾಗಾಯ್ತಲ್ಲ. ಇನ್ನು ನಾನು ಕಿತ್ತರೆ ಹಿರಿಯರಿಗೆ ಅವಮಾನ. ನಿನ್ನನ್ನ ಪೂರ್ತಿ ಅವರಿಗೇ ಒಪ್ಪಿಸಿದ್ದೀನಿ ಅಂತ ಹೇಳು, ಹೋಗು."

ಮತ್ತೆ ಅದೇ ಬಸ್ಸು, ಅದೇ ಕಟ್ಟೆ. ಈ ಸಲ ಸೋಮಯ್ಯ ಬಾಯಿ ತೆರೆಯುವುದರೊಳಗೆ ಕಂಡಕ್ಟರನೇ ತಲೆ ಹೊರಗೆ ಹಾಕಿ, "ಇನ್ನೂ ಇಲ್ಲ!" ಎಂದು ಕೂಗಿದ.

ಮೈಸೂರಿನ ಡಾಕ್ಟರು ಕಾರು ಹತ್ತುತ್ತಿದ್ದರು. ನಂಜಯ್ಯ ಕೆನ್ನೆ ಹಿಡಿದುಕೊಂಡು ಓಡಿದ. "ಒಪ್ಪಿಸ್ಬುಟ್ರು ಬುದ್ಧಿ! ಪೂರ್ತಿ ಒಪ್ಪಿಸ್ಬುಟ್ರು!"

ಡಾಕ್ಟರು ಕಾರು ಬಿಟ್ಟು ಮತ್ತೆ ಇಕ್ಕಳ ಹಿಡಿದರು. ಹಲ್ಲು ಕಿತ್ತು ಬಂತು. ಹೋದ ಜೀವವೂ ಬಂತು. ನಂಜಯ್ಯ ಖಾಲಿ ಜಾಗದಲ್ಲಿ ನಾಲಿಗೆಯಾಡಿಸುತ್ತ ನಾಳೆಯ ಎಲೆಯನ್ನು ನೆನೆದು ನಕ್ಕ. ಡಾಕ್ಟರು ಕೈ ತೊಳೆಯುತ್ತ ಹೇಳಿದರು: "ನಾಳೆ ನಾಡಿದ್ದು ಬರೀ ಗಂಜಿ. ಮಾಂಸವನ್ನ ಮೂಸಿ ಕೂಡ ನೋಡಬೇಡ."

ನಂಜಯ್ಯನ ನಗು ಇಂಗಿತು. "ಬುದ್ಧಿ, ಹುಣಸೂರಿನ ಡಾಕ್ಟ್ರನ್ನ ಒಂದ್ ಮಾತು ಕೇಳ್ಕಂಡು ಬರ್ಲಾ?"

"ಅದೆಲ್ಲ ಆಗದು. ಈಗ ನೀನು ನನ್ನ ರೋಗಿ."

ಮಾರನೆಯ ದಿನ ಕಂಪಲಾಪುರದಲ್ಲಿ ನಂಜಯ್ಯ ತುಂಬಿದ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದ. ಚಿಕ್ಕಣ್ಣನ ಸೌಟು ಅಲ್ಲೇ ನಿಂತಿತು.

"ಯಾಕ್ ಬೀಗ್ರೆ, ಕೈಯೇ ಇಕ್ಲಿಲ್ಲ? ನಮ್ಮಿಂದ ಏನಾರ ತಪ್ಪಾಯ್ತಾ?"

ಅಡಿಗೆಮನೆಯ ಬಾಗಿಲಲ್ಲಿ ಮಗಳ ಮುಖ ಸಣ್ಣಗಾಯಿತು. ನಂಜಯ್ಯ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಕೂತಿದ್ದ ಕುಳ್ಳಮ್ಮ ಅವನ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮುನಿಸಲ್ಲ ಕಣಪ್ಪ, ಅಲ್ಲು ಕಿತ್ತವ್ರೆ. ಅಣ್ಣ ಬರೀ ನೋಡಕ್ ಬಂದವ್ನೆ. ಉಣ್ಣಾದ ಪೂರ್ತಿ ನಂಗೆ ಒಪ್ಪಿಸ್ಬುಟ್ಟವ್ನೆ. ಬಡ್ಸು."

ಚಿಕ್ಕಣ್ಣ ಹೊಟ್ಟೆ ಹಿಡಿದು ನಕ್ಕ. ಮಗಳೂ ನಕ್ಕಳು. ನಂಜಯ್ಯನ ಮುಂದೆ ಒಂದು ಬಟ್ಟಲು ಗಂಜಿ ಬಂದು ಕೂತಿತು.

ಕುಳ್ಳಮ್ಮ ಎರಡೂ ಎಲೆಗಳಿಗೆ ನ್ಯಾಯ ಸಲ್ಲಿಸುತ್ತ, ನಡುವೆ ಒಂದು ನಲ್ಲಿಮೂಳೆಯನ್ನು ಎತ್ತಿ ಅವನ ಮೂಗಿನ ಹತ್ತಿರ ಹಿಡಿದಳು.

"ಎಂಗದೆ ನಂಜಣ್ಣ? ನಿನ್ನ ಅಭಿಪ್ರಾಯ ಯೋಳು."